ಕುಂಕುಮ ಸಿಗದ ಕಾರ್ಡು

ಮದುವೆ ವಿಡಿಯೋ ಮಾಡುವ ಕಸ್ತೂರಿಯ ಅಂಗಡಿಯಲ್ಲಿ ಆಯುಧಪೂಜೆ ನಡೆಯಿತು. ಕ್ಯಾಮೆರಾಗೆ, ಕಂಪ್ಯೂಟರಿನ ಪರದೆಗೆ, ಕೊನೆಗೆ ಕತ್ತರಿಗೂ ಆಕೆ ಕುಂಕುಮವಿಟ್ಟಳು. ಕಂಪ್ಯೂಟರಿನ ಡಬ್ಬದೊಳಗೆ ಕೂತಿದ್ದ ಹೊಸ ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ ಏನೂ ಸಿಗಲಿಲ್ಲ.

"ಈ ಅಂಗಡಿಯಲ್ಲಿ ಎಲ್ಲರಿಗಿಂತ ದುಬಾರಿ ನಾನು," ಎಂದಿತು ಕಾರ್ಡು. "ನನಗೆ ಒಂದು ಹೂವೂ ಇಲ್ಲ. ಅದಿರಲಿ, ದಿನವೂ ದೀಪ ಹಚ್ಚುವ ಹೊತ್ತಿಗೆ ನನ್ನನ್ನು ಆರಿಸಿ ಹೋಗುತ್ತಾಳೆ. ಇಷ್ಟು ದುಡ್ಡು ಸುರಿದು ತಂದು ಕತ್ತಲಲ್ಲಿ ಕೂರಿಸುವುದಾದರೆ ನನ್ನನ್ನು ಕೊಂಡದ್ದೇ ದಂಡ."

ಹಳೆಯ ಪರದೆ ಕೇಳಿತು: "ನಿನಗಿಂತ ಮೊದಲು ಇಲ್ಲಿದ್ದ ಅಗ್ಗದ ಕಾರ್ಡನ್ನು ನೀನು ನೋಡಿಲ್ಲ, ಅಲ್ಲವೇ?"

"ಇಲ್ಲ."

"ಪಾಪ, ಒಳ್ಳೆಯವನೇ. ಆದರೆ ಒಂದು ಮದುವೆಯ ವಿಡಿಯೋ ಸಿದ್ಧಮಾಡುವಷ್ಟರಲ್ಲಿ ಅವನಿಗೆ ಬೆಳಗಾಗುತ್ತಿತ್ತು. ಕಸ್ತೂರಿ ಈ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಮಗಳು ಮನೆಯಲ್ಲಿ ಒಬ್ಬಳೇ ಉಂಡು ಮಲಗುತ್ತಿದ್ದಳು. ಊರವರ ಮಕ್ಕಳ ನಗುವನ್ನೆಲ್ಲ ನಾನು ಆಕೆಗೆ ತೋರಿಸಿದೆ, ಸ್ವಂತ ಮಗಳ ನಗು ಮಾತ್ರ ಆಕೆಗೆ ಕಾಣಸಿಗಲಿಲ್ಲ. ನೀನು ಬಂದ ಮೇಲೆ ಕೆಲಸ ಸಂಜೆಗೇ ಮುಗಿಯುತ್ತಿದೆ. ನನ್ನ ಹಣೆಯ ಕುಂಕುಮ ನಿನಗೆ ಸೇರಬೇಕಾದದ್ದು, ತಮ್ಮಾ. ನಿನ್ನ ಋಣ ನನ್ನ ಮೇಲೂ ಇದೆ. ನನ್ನ ಕಣ್ಣಿಗೂ ಈಗ ನಿದ್ದೆ ಸಿಗುತ್ತಿದೆ."



ಮರುದಿನ ಸಂಜೆ ಕಸ್ತೂರಿ ಫೋನಿನಲ್ಲಿ, "ಅನ್ನಕ್ಕಿಡು ಮಗಳೇ, ಸಾರು ನಾನು ಬಂದು ಮಾಡ್ತೀನಿ," ಎಂದು ಹೇಳಿ ಕಂಪ್ಯೂಟರ್ ಆರಿಸಿ, ಬಾಗಿಲೆಳೆದುಕೊಂಡು ಹೋದಳು.

ಕತ್ತಲಲ್ಲಿ ಕಾರ್ಡು ಪರದೆಗೆ ಹೇಳಿತು: "ಅಣ್ಣಾ, ನಾಳೆ ಇನ್ನೂ ಸ್ವಲ್ಪ ಬೇಗ ಮುಗಿಸೋಣ."