ಮೂಬಾವಿಯ ಬಾಗಿನ

ಹತ್ತಿರ ಬಂದು ಕೂತ್ಕೊಳ್ಳಿ. ನಮ್ಮಜ್ಜಿ ಈ ಕಥೆ ಹೇಳುವಾಗ ಬೆನ್ನು ನೆಟ್ಟಗೆ ಮಾಡಿಕೊಂಡು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳುತ್ತಿದ್ದಳು. ಗೂನುಬೆನ್ನು ಹಾಕಿಕೊಂಡು ಕೇಳುವ ಕಥೆಯಲ್ಲ ಇದು. ಹಾಂ, ಹಾಗೆ. ಈಗ ಕೇಳಿ.

ಕರಿಗಲ್ಲು ಸೀಮೆ ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ಮೂಬಾವಿ ಅಂತ ಒಂದು ಊರು. ಊರಿಗೆ ಮೂರು ಓಣಿ: ಮೇಲೋಣಿ, ನಡುವೋಣಿ, ಕೆಳೋಣಿ. ಓಣಿಗೊಂದು ಬಾವಿ. ಹೊಳೆ ಇಲ್ಲ, ಕೆರೆ ಇಲ್ಲ. ಬಾವಿ ಇದ್ದರೆ ಅದು ಊರು, ಇಲ್ಲದಿದ್ದರೆ ಬರೀ ಬಂಡೆ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಯಾರೂ ತಮ್ಮ ಓಣಿಯ ಬಾವಿಯ ಹೂಳನ್ನು ತಾವು ಎತ್ತುತ್ತಿರಲಿಲ್ಲ. ಮೇಲೋಣಿಯವರು ಕೆಳೋಣಿಯ ಬಾವಿಗೆ ಇಳಿಯಬೇಕು. ಕೆಳೋಣಿಯವರು ನಡುವೋಣಿಯ ಬಾವಿಗೆ. ನಡುವೋಣಿಯವರು ಮೇಲೋಣಿಯ ಬಾವಿಗೆ. ಯಾಕಪ್ಪಾ ಅಂದರೆ, "ತನ್ನ ಬೆನ್ನು ತನಗೆ ಕಾಣೋದಿಲ್ಲ, ಪಕ್ಕದವನು ಉಜ್ಜಬೇಕು" ಅನ್ನುತ್ತಿದ್ದರು ಹಿರಿಯರು. ಹೂಳೆತ್ತಿ ಮುಗಿದ ದಿನ ಮೇಲೋಣಿಯ ಬಾವಿಗೆ ಅರಿಶಿನ ಸುರಿದು ಪೂಜೆ ಮಾಡುತ್ತಿದ್ದರು. ಮೂರನೆಯ ದಿನಕ್ಕೆ ನೋಡಿದರೆ ಕೆಳೋಣಿಯ ಬಾವಿ ನೀರು ತುಸು ಹಳದಿ! "ಅಕ್ಕ ಕೊಟ್ಟ ಬಾಗಿನ ತಂಗಿಗೆ ಮುಟ್ಟಿತು" ಅಂತ ಊರೆಲ್ಲ ನಗುತ್ತಿತ್ತು.

ಹೂಳೆತ್ತುವಾಗ ಬಾವಿಗೆ ಇಳಿದವರ ಹಗ್ಗ ಹಿಡಿಯುವ ಕೆಲಸ ಹಂಪವ್ವನದು. ಅವಳಪ್ಪನೂ ಅದನ್ನೇ ಮಾಡಿದವನು. ಅರವತ್ತು ವರ್ಷದ ಮುದುಕಿ, ಅಂಗೈ ಮಾತ್ರ ಎಮ್ಮೆಯ ಗೊರಸಿನ ಹಾಗೆ. ಅವಳ ಕೈಯಿಂದ ಒಂದು ಸಲವೂ ಹಗ್ಗ ಜಾರಿರಲಿಲ್ಲ.

ಆ ಸೀಮೆಯ ದೊರೆ ಮುದ್ದರಸ. ಕೆಟ್ಟವನೇನಲ್ಲ. ಆದರೆ ಅವನದು ಹಿತ್ತಾಳೆ ಕಿವಿ, ಮೊದಲು ಊದಿದವನ ಮಾತೇ ಮಾತು. ಒಂದು ದಿನ ಅವನ ಆಸ್ಥಾನಕ್ಕೆ ಪರದೇಶದ ವ್ಯಾಪಾರಿ ಬಂದ. ಹುಟ್ಟಿದಾಗ ಇಟ್ಟ ಹೆಸರು ಏನಿತ್ತೋ, ಜನ ಅವನನ್ನು ಕರೆದದ್ದು ಉರಿಗಾಳಿ ಸಾಹುಕಾರ ಅಂತ.

"ಮಹಾಪ್ರಭು, ನಿಮ್ಮ ಕರಿಗಲ್ಲಿನ ಹೊಟ್ಟೆಯಲ್ಲಿ ಉರಿಯೋ ಗಾಳಿ ಮಲಗಿದೆ" ಅಂದ. "ಕಲ್ಲಿಗೆ ಆಳವಾಗಿ ತೂತು ಕೊರೀತೀನಿ. ತಿದಿ ಒತ್ತಿ ನನ್ನ ಮದ್ದುನೀರು ಒಳಗೆ ನುಗ್ಗಿಸ್ತೀನಿ. ಕಲ್ಲು ಬಿರೀತದೆ, ಗಾಳಿ ಮೇಲೆ ಬರ್ತದೆ. ಎಣ್ಣೆ ಇಲ್ಲ, ಬತ್ತಿ ಇಲ್ಲ, ನಿಮ್ಮ ರಾಜಧಾನಿ ತುಂಬ ದೀಪ!"

"ಭೇಷ್!" ಅಂದ ದೊರೆ. "ಎಲ್ಲಿ ಕೊರೀತೀಯ?"

"ಮೂಬಾವಿಯಲ್ಲಿ."

"ಅಲ್ಲಿಯ ಜನ ಒಪ್ಪಬೇಕಲ್ಲ? ನಮ್ಮ ಸೀಮೆಯಲ್ಲಿ ಊರವರ ಹೆಬ್ಬೆಟ್ಟು ಬೀಳದೆ ನೆಲ ಮುಟ್ಟೋ ಹಾಗಿಲ್ಲ."

"ಅದು ನನಗೆ ಬಿಡಿ" ಅಂತ ಸಾಹುಕಾರ ನಕ್ಕ.

ಗಾಡಿ ತುಂಬ ಹಿತ್ತಾಳೆ ದೀಪ ಹೇರಿಕೊಂಡು ಮೂಬಾವಿಗೆ ಬಂದ. ಮೊದಲು ಮೇಲೋಣಿಗೆ ಹೋದ. "ನಿಮ್ಮ ಬಾವಿ ಎತ್ತರದಲ್ಲಿದೆ, ನಿಮಗೇನೂ ಆಗಲ್ಲ" ಅಂದ. ಮನೆಗೊಂದು ದೀಪ ಕೊಟ್ಟ. ಮೇಲೋಣಿಯವರು ಯೋಚನೆ ಮಾಡಿದರು: ನಮ್ಮ ಬಾವಿ ನೋಡಿಕೊಳ್ಳೋರು ನಡುವೋಣಿಯವರು. ತೊಂದರೆ ಇದ್ದರೆ ಅವರೇ ಬಾಯಿ ಬಿಡ್ತಾರೆ. ಹೆಬ್ಬೆಟ್ಟು ಒತ್ತಿದರು.

ಆಮೇಲೆ ನಡುವೋಣಿಗೆ ಹೋದ. "ಮೇಲೋಣಿಯವರು ಒಪ್ಪಿದರು, ನೀವು?" ಅಂದ. ಮನೆಗೊಂದು ದೀಪ ಕೊಟ್ಟ. ನಮ್ಮ ಬಾವಿ ಕೆಳೋಣಿಯವರ ಕೈಯಲ್ಲಿದೆ, ಅವರು ನೋಡಿಕೊಳ್ತಾರೆ ಅಂದುಕೊಂಡರು ಇವರು. ಹೆಬ್ಬೆಟ್ಟು ಒತ್ತಿದರು.

ಕೊನೆಗೆ ಕೆಳೋಣಿಗೆ ಬಂದ. "ಎರಡು ಓಣಿಯೂ ಒಪ್ಪಿವೆ, ನಿಮ್ಮದೇನು ತಕರಾರು?" ಅಂದ. ಮನೆಗೊಂದು ದೀಪ ಕೊಟ್ಟ. ನಮ್ಮ ಬಾವಿಗೆ ಇಳಿಯೋರು ಮೇಲೋಣಿಯವರು, ಅವರೇ ಒಪ್ಪಿದ ಮೇಲೆ ಇನ್ನೇನು ಅಂದುಕೊಂಡರು ಇವರು. ಹೆಬ್ಬೆಟ್ಟು ಒತ್ತಿದರು.

ನೋಡಿದಿರಾ? ಎಂಥ ಒಳ್ಳೆಯ ಪದ್ಧತಿ, ಎಂಥ ಪೆದ್ದತನಕ್ಕೆ ಬಳಕೆಯಾಯಿತು! ಪಕ್ಕದವನು ಎಚ್ಚರವಾಗಿದ್ದಾನೆ ಅಂತ ಮೂರೂ ಓಣಿ ಗೊರಕೆ ಹೊಡೆದವು.

ಸಾಹುಕಾರ ಮೇಲೋಣಿಯ ಮೇಲಿನ ದಿಬ್ಬದಲ್ಲಿ ತೂತು ಕೊರೆಸಲು ಶುರುಮಾಡಿದ. ತಾನು ಮಾತ್ರ ಊರ ಕೆಳಗಿನ ಹಳೇ ಛತ್ರದಲ್ಲಿ ಇಳಿದುಕೊಂಡ. ಛತ್ರಕ್ಕೆ ಅದರದೇ ಬಾವಿ. ಕಳ್ಳನಿಗೆ ಎಲ್ಲರ ಮೇಲೂ ಅನುಮಾನ ತಾನೇ? ಬಾವಿಯ ಬಾಯಿಗೆ ಹಲಗೆ ಮುಚ್ಚಿಸಿದ, ಹಲಗೆಗೆ ಬೀಗ ಹಾಕಿಸಿದ, ಸುತ್ತ ಹನ್ನೆರಡು ಮಂದಿ ಕಾವಲು ನಿಲ್ಲಿಸಿದ. ಬೀಗದ ಕೈ ಅವನ ಉಡಿದಾರದಲ್ಲಿ.

ಹೀಗಿರುವಾಗ ಹಂಪವ್ವನ ಮಗಳು ಕೆಂಚವ್ವ ತವರಿಗೆ ಬಂದಳು. ಅವಳನ್ನು ಕೊಟ್ಟದ್ದು ದೊರೆಯ ಕಿವಿಗೆ ಸುದ್ದಿ ಮುಟ್ಟದ ಗಡಿಯಂಚಿನ ತಂಪಿನಹಳ್ಳಿಗೆ. ಬಂದವಳ ಕೈಯಲ್ಲಿ ಗಂಟಿಲ್ಲ, ಬುತ್ತಿಯಿಲ್ಲ. ಹಗ್ಗ ಹಿಡಿದು ಒಂದು ಎಮ್ಮೆ ಹೊಡೆದುಕೊಂಡು ಬಂದಿದ್ದಳು. ಎಮ್ಮೆಯ ಪಕ್ಕೆಲುಬು ಎಣಿಸಬಹುದಿತ್ತು.

"ಯಾಕವ್ವಾ, ಏನಾತು?" ಅಂದಳು ಹಂಪವ್ವ.

"ಯವ್ವಾ, ಹೋದ ವರ್ಷ ಆ ಸಾಹುಕಾರ ನಮ್ಮೂರಾಗ ತೂತು ಕೊರೆದ. ಮದ್ದುನೀರು ಇಳಿಸಿದ. ಮೂರು ತಿಂಗಳಿಗೆ ಗಂಟು ಕಟ್ಟಿಕೊಂಡು ಹೋದ. ಈಗ ನಮ್ಮ ಬಾವಿ ನೀರು ನಾರತೈತಿ. ಎಮ್ಮಿ ಮೂಸಿ ನೋಡಿ ಹಿಂದಕ್ಕ ಸರೀತೈತಿ. ಮಂದಿ ಒಬ್ಬೊಬ್ಬರೇ ಊರು ಬಿಡಾಕತ್ಯಾರ."

ಎಮ್ಮೆ ಕೆಳೋಣಿಯ ಬಾವಿಯ ತೊಟ್ಟಿಗೆ ಬಾಯಿ ಇಟ್ಟಿತು. ಕುಡಿಯಿತು, ಕುಡಿಯಿತು, ಕುಡಿಯುತ್ತಲೇ ಇತ್ತು. ಅದನ್ನು ನೋಡುತ್ತ ಹಂಪವ್ವನ ಕಣ್ಣಲ್ಲಿ ನೀರು ಬಂತು. ಆಮೇಲೆ ಸಿಟ್ಟು ಬಂತು. ಎಂಥ ಸಿಟ್ಟು ಅಂತೀರಿ!

ಮೂರೂ ಓಣಿಯವರನ್ನು ಕರೆದು ಬಾವಿಕಟ್ಟೆಯ ಹತ್ತಿರ ಕೂಡಿಸಿದಳು. "ಏನ್ರೋ ಶಾಣ್ಯಾರಾ! ನಾಕು ದಿನ ಬೆಳಗೋ ದೀಪಕ್ಕ ಬಾವಿ ಮಾರಿದ್ರೇನ್ರೋ? ಅವರು ನೋಡ್ಕೋತಾರ, ಇವರು ನೋಡ್ಕೋತಾರ ಅಂತ ಕುಂತ್ರಲ್ಲ, ಆ ಅವರು ಯಾರು? ನೀವೇ ಅಲ್ಲೇನು?"

ಮೇಲೋಣಿಯ ಹಿರಿಯ ಗಾದಿಲಿಂಗಪ್ಪ ಮೆಲ್ಲಗೆ ಎದ್ದ. "ತಪ್ಪಾತು, ಹಂಪವ್ವಕ್ಕ. ಈಗೇನು ಮಾಡೂಣು?"

"ಬಾವಿಗೆ ಇಳಿದಂಗ ಮಾಡೂಣು. ನಿಮ್ಮ ನಿಮ್ಮ ಬಾವಿ ಮರೀರಿ. ನೀವು ಹೂಳೆತ್ತೋ ಬಾವಿ ಸಲುವಾಗಿ ನಿಲ್ರಿ."

ಮರುದಿನ ಮುನ್ನೂರು ಮನೆಯ ಜನ ಖಾಲಿ ಕೊಡ ತಲೆಯ ಮೇಲಿಟ್ಟುಕೊಂಡು ರಾಜಧಾನಿಗೆ ನಡೆದರು. ಅರಮನೆಯ ಅಂಗಳ ತುಂಬಿತು. ಸಾಹುಕಾರನೂ ಓಡಿ ಬಂದ. ಜನ ಒಂದಾಗಿ ಬಂದರೆ ಏನು ಮಾಡಬೇಕು ಅಂತ ಅವನಿಗೆ ಗೊತ್ತಿತ್ತು: ಒಬ್ಬೊಬ್ಬರನ್ನೇ ಬಿಡಿಸಬೇಕು.

"ಮೇಲೋಣಿಯವರೇ, ನಿಮ್ಮ ಬಾವಿಯಿಂದ ತೂತು ದೂರ ಸರಿಸ್ತೀನಿ. ಸಂತೋಷಾನಾ?"

"ನಾವು ನಮ್ಮ ಬಾವಿಗೆ ಬಂದಿಲ್ರೀ ಸಾಹುಕಾರ್ರ. ಕೆಳೋಣಿ ಬಾವಿಗೆ ಬಂದೀವಿ" ಅಂದರು ಮೇಲೋಣಿಯವರು.

"ಹಾಗಾದರೆ ಕೆಳೋಣಿಯವರೇ, ನಿಮಗೆ ಇನ್ನೊಂದು ದೀಪ, ಜೊತೆಗೊಂದು ಬಿಂದಿಗೆ."

"ನಾವು ನಡುವೋಣಿ ಬಾವಿಗೆ ಬಂದೀವಿ. ಬಿಂದಿಗಿ ಬೇಕೇನಂತ ಅವರನ್ನ ಕೇಳ್ರಿ."

"ನಡುವೋಣಿಯವರೇ, ನಿಮ್ಮ ಬಾವಿಯ ಸುತ್ತ ಕಲ್ಲಿನ ಕಟ್ಟೆ ಕಟ್ಟಿಸಿಕೊಡ್ತೀನಿ!"

"ನಮ್ಮದೇನೂ ಇಲ್ರೀ. ನಾವು ಮೇಲೋಣಿ ಬಾವಿಗೆ ಬಂದೀವಿ."

ದೊರೆ ಮುದ್ದರಸ ಸಿಂಹಾಸನದಲ್ಲಿ ಮುಂದಕ್ಕೆ ಬಗ್ಗಿ ಕೂತ. ತನ್ನದಕ್ಕಾಗಿ ಜಗಳ ಆಡುವವರನ್ನು ಅವನು ದಿನಾ ನೋಡುತ್ತಿದ್ದ. ಇಂಥ ಜನರನ್ನು ನೋಡಿರಲಿಲ್ಲ. ಅವರನ್ನು ನೋಡಿದರೆ ಯಾರಿಗಾದರೂ ಹೆಮ್ಮೆ ಅನಿಸಬೇಕು, ನನಗಂತೂ ಈಗಲೂ ಅನಿಸುತ್ತದೆ.

ಕೆಂಚವ್ವ ತಂಪಿನಹಳ್ಳಿಯ ಬಾವಿ ಕೆಟ್ಟದ್ದನ್ನು ದೊರೆಗೆ ಹೇಳಿದಳು. "ಎಲ್ಲ ಅಜ್ಜಿಕಥೆ, ಪ್ರಭು" ಅಂದ ಸಾಹುಕಾರ. "ನಾನು ಕೊರೆಯೋದು ಪಾತಾಳದ ಕಲ್ಲು. ಮೇಲೆ ನೂರು ಆಳು ದಪ್ಪದ ಬಂಡೆ, ಗಡಿಗೆಗೆ ಮುಚ್ಚಳ ಇದ್ದ ಹಾಗೆ. ಕೆಳಗಿಳಿದದ್ದು ಒಂದು ಹನಿ ಮೇಲೆ ಬಂದರೆ ನನ್ನ ಹೆಸರು ಬದಲಾಯಿಸಿ."

ಹಂಪವ್ವ ಮುಂದೆ ಬಂದು ಕೈ ಮುಗಿದಳು. "ದೊರಿ, ಹೆಬ್ಬೆಟ್ಟು ಒತ್ತೀವಿ, ನಮ್ಮದೂ ತಪ್ಪೈತಿ. ಒಂದೇ ಒಂದು ಕೇಳ್ತೀವಿ. ಮದ್ದುನೀರಿಗಿಂತ ಮುಂಚೆ ನಮ್ಮ ಅರಿಶಿನ ನೀರು ಆ ತೂತಿನಾಗ ಇಳೀಲಿ. ಅದೇ ತಿದಿ, ಅದೇ ಆಳು. ಮೂರು ದಿನ ಕಾಯೂಣು. ಅರಿಶಿನ ಎಲ್ಲೂ ಮೇಲೆ ಬರದಿದ್ರ, ನಾವೇ ಗುದ್ದಲಿ ಹಿಡಿದು ಸಾಹುಕಾರ್ರಿಗೆ ದುಡೀತೀವಿ."

"ಬಂದರೆ?" ಅಂದ ದೊರೆ.

"ಬಂದ್ರ ನೀವೇ ನ್ಯಾಯ ಹೇಳ್ರಿ. ಹಾಂ, ಇನ್ನೊಂದು ಮಾತು. ಸಾಹುಕಾರ್ರು ಛತ್ರದ ಬಾವಿಗೆ ಹಾಕಿದ ಬೀಗ ಹಂಗೇ ಇರ್ಲಿ, ಕಾವಲು ಹಂಗೇ ಇರ್ಲಿ. ಅವರಿಗೆ ನಮ್ಮಿಂದ ತೊಂದ್ರಿ ಆಗಬಾರ್ದು ನೋಡ್ರಿ."

"ಬುದ್ಧಿವಂತೆ ಮುದುಕಿ!" ಅಂತ ಸಾಹುಕಾರ ಮೀಸೆ ತಿರುವಿದ. ಅವನಿಗೆ ಗೊತ್ತಿರದ ಮಾತೊಂದು ಹಂಪವ್ವನಿಗೆ ಗೊತ್ತಿತ್ತು. ಸಣ್ಣವಳಿದ್ದಾಗ ಅವಳು ಅಪ್ಪನ ಜೊತೆ ಛತ್ರದ ಬಾವಿಯಲ್ಲೂ ಹಗ್ಗ ಹಿಡಿದಿದ್ದಳು.

ಅವತ್ತಿನಿಂದ ಮೂಬಾವಿಯಲ್ಲಿ ಒರಳಿನ ಸದ್ದು. ಮೇಲೋಣಿಯಲ್ಲಿ ಕುಟ್ಟಿದರು, ನಡುವೋಣಿಯಲ್ಲಿ ಕುಟ್ಟಿದರು, ಕೆಳೋಣಿಯಲ್ಲಿ ಕುಟ್ಟಿದರು. ಮದುವೆಗೆ ಅಂತ ಎತ್ತಿಟ್ಟ ಅರಿಶಿನದ ಕೊಂಬೂ ಒರಳಿಗೆ ಬಿತ್ತು. ಕುಟ್ಟಿದ ಅರಿಶಿನವನ್ನು ಯಾವುದರಲ್ಲಿ ತಂದರು ಹೇಳಿ? ಸಾಹುಕಾರ ಕೊಟ್ಟ ಹಿತ್ತಾಳೆ ದೀಪದಲ್ಲಿ! ಒಬ್ಬೊಬ್ಬರೇ ದಿಬ್ಬ ಹತ್ತಿ, ಅರಿಶಿನ ಸುರಿದು, ಖಾಲಿ ದೀಪವನ್ನು ಅವನ ಗಾಡಿಗೆ ಎಸೆದು ಇಳಿದರು. ಮುನ್ನೂರು ದೀಪ, ಠಣ್, ಠಣ್, ಠಣ್. ನಲವತ್ತು ಆಳು ತಿದಿ ಒತ್ತಿದರು. ಅರಿಶಿನ ನೀರು ಗುಡುಗುಡು ಅಂತ ಪಾತಾಳಕ್ಕೆ ಇಳಿಯಿತು. ದೊರೆಯೂ ಬಂದು ಊರ ನಡುವೆ ಡೇರೆ ಹಾಕಿ ಕೂತ.

ಮೊದಲನೆಯ ದಿನ ಬಾವಿಗೆ ಕೊಡ ಬಿಟ್ಟರು. ನೀರು ತಿಳಿ. ಸಾಹುಕಾರ ನಕ್ಕ.

ಎರಡನೆಯ ದಿನ ಕೊಡ ಬಿಟ್ಟರು. ನೀರು ತಿಳಿ. ಸಾಹುಕಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಂಚವ್ವ ಅವ್ವನ ಸೆರಗು ಹಿಡಿದು, "ಯವ್ವಾ, ಬರದಿದ್ರ?" ಅಂದಳು. ಹಂಪವ್ವ ತನ್ನ ಪಾಲಿನ ರೊಟ್ಟಿಯನ್ನು ಎಮ್ಮೆಗೆ ಹಾಕಿದಳು.

ಮೂರನೆಯ ದಿನ ಬೆಳಗ್ಗೆ ಮೇಲೋಣಿಯ ಬಾವಿಗೆ ಕೊಡ ಬಿಟ್ಟರು. ಹಳದಿ! ನಡುವೋಣಿಯಲ್ಲಿ ಬಿಟ್ಟರು. ಹಳದಿ! ಕೆಳೋಣಿಯಲ್ಲಿ ಬಿಟ್ಟರು. ಹಳದಿ! ಊರಿಗೆ ಊರೇ ಡೇರೆಯ ಮುಂದೆ ಸೇರಿತು.

ದೊರೆ ಸಾಹುಕಾರನಿಗೆ ಹೇಳಿ ಕಳಿಸಿದ. ಹೊತ್ತು ಏರಿದ ಮೇಲೆ ಬಂದ ಮಹರಾಯ. ಸುಡುಬಿಸಿಲು, ಆದರೆ ಕುತ್ತಿಗೆಯಿಂದ ಪಾದದವರೆಗೆ ಶಾಲು. ಮುಖದ ತುಂಬ, ಕೈ ತುಂಬ ಗಟ್ಟಿ ವಿಭೂತಿ.

"ಮೋಸ ಪ್ರಭು, ಮೋಸ!" ಅಂತ ಕಿರುಚಿದ. "ಇವರ ಬಾವಿಗೆ ಇವರೇ ಅರಿಶಿನ ಸುರ್ಕೊಂಡಿದಾರೆ!"

ದೊರೆಯ ಹಿತ್ತಾಳೆ ಕಿವಿ ಆ ಕಡೆ ವಾಲಿತು. "ಹೌದಲ್ಲವೇ? ಹಾಗೂ ಇರಬಹುದು."

"ಇರಬಹುದು ದೊರಿ" ಅಂದಳು ಹಂಪವ್ವ. "ನಮ್ಮ ಬಾವಿಗೆ ಬೀಗ ಇಲ್ಲ, ಕಾವಲಿಲ್ಲ. ಸಾಹುಕಾರ್ರನ್ನ ಒಂದು ಮಾತು ಕೇಳ್ತೀನಿ. ಸ್ವಾಮಿ, ನಿಮ್ಮ ಬಾವಿ ಹತ್ರ ನಮ್ಮೋರು ಯಾರಾದ್ರೂ ಬಂದಿದ್ರೇನ್ರಿ?"

"ನನ್ನ ಬಾವಿ ಹತ್ತಿರವೇ? ಹನ್ನೆರಡು ಮಂದಿ ಕಾವಲಿದೆ! ಬೀಗದ ಕೈ ನನ್ನ ಸೊಂಟದಲ್ಲಿದೆ! ನೊಣ ಕೂಡ ಸುಳಿಯಲ್ಲ!"

"ಬೆಳಗ್ಗೆ ಜಳಕ ಮಾಡಿದ್ದು ಅದೇ ನೀರಿನಾಗಲ್ರೀ?"

ಸಾಹುಕಾರ ಶಾಲನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡ. ಹಣೆಯಿಂದ ಒಂದು ಬೆವರಿನ ಹನಿ ಇಳಿಯಿತು, ವಿಭೂತಿಯನ್ನು ತೊಳೆದುಕೊಂಡು ಕೆನ್ನೆಯ ಮೇಲೆ ಜಾರಿತು. ಅದರ ದಾರಿಯುದ್ದಕ್ಕೂ ಹಳದಿ ಗೆರೆ. ಎರಡನೆಯ ಹನಿ, ಎರಡನೆಯ ಗೆರೆ. ಮೂರನೆಯ ಹನಿ ಇಳಿಯುವಷ್ಟರಲ್ಲಿ ದೊರೆಯೇ ಎದ್ದು ಬಂದು ಶಾಲು ಎಳೆದ.

ಅಯ್ಯಯ್ಯೋ, ಏನು ಹೇಳಲಿ! ಹೊಗೆ ತುಂಬಿದ ಬಚ್ಚಲಲ್ಲಿ ಕಣ್ಣು ಮುಚ್ಚಿಕೊಂಡು ಇಪ್ಪತ್ತು ಚೆಂಬು ಹುಯ್ಯಿಸಿಕೊಂಡಿದ್ದ ಪುಣ್ಯಾತ್ಮ. ನೆತ್ತಿಯಿಂದ ಅಂಗಾಲಿನವರೆಗೆ ಅಚ್ಚ ಅರಿಶಿನ, ಚಪ್ಪರಕ್ಕೆ ಹೊರಟ ಮದುಮಗನೇ ಸರಿ. ಹೆಂಗಸರು ಸುಮ್ಮನಿರುತ್ತಾರೆಯೇ? ಮೂರೂ ಓಣಿಯವರು ಒಂದೇ ಕೊರಳಲ್ಲಿ ಎತ್ತಿಕೊಂಡರು:

ಮದುಮಗ ಬಂದಾನ, ಅರಿಶಿನ ಮಿಂದಾನ,
ಬೀಗದ ಬಾವ್ಯಾಗ ಬಾಗಿನ ಉಂಡಾನ!

"ದೊರಿ, ನಮ್ಮ ಮೂರು ಬಾವಿ ಅಕ್ಕಂದಿರು, ಛತ್ರದ ಬಾವಿ ದೂರ ಹೋದ ನಾಲ್ಕನೇ ತಂಗಿ. ಸಣ್ಣಾಕಿದ್ದಾಗ ಅಲ್ಲೂ ಹಳದಿ ನೀರು ಕಂಡೀನಿ" ಅಂದಳು ಹಂಪವ್ವ. "ಅಕ್ಕಂದಿರು ಕೊಟ್ಟದ್ದು ಅವಳಿಗೂ ಮುಟ್ಟತೈತಿ. ಇವತ್ತು ಅರಿಶಿನ ಮುಟ್ಟೇತಿ. ಮದ್ದುನೀರು ಇಳಿಸಿದ್ರ ನಾಳೆ ಅದೂ ಮುಟ್ಟತೈತಿ."

ದೊರೆ ಹೆಬ್ಬೆಟ್ಟಿನ ಓಲೆ ತರಿಸಿ ಹರಿದು ಹಾಕಿದ. "ನನ್ನ ಅರಮನೆಗೆ ಹೊಂಗೆ ಎಣ್ಣೆಯ ದೀಪವೇ ಸಾಕು" ಅಂದ. "ಸಾಹುಕಾರ, ಈ ತೂತನ್ನು ನಿನ್ನ ಕೈಯಾರೆ ಮುಚ್ಚು. ಆಮೇಲೆ ತಂಪಿನಹಳ್ಳಿಗೆ ಹೋಗು. ಆ ಬಾವಿಯ ಹೊಲಸು ಹೋಗೋವರೆಗೆ ನೀನೇ ಇಳಿದು ಎತ್ತು."

ಎತ್ತಿದ. ಒಂದು ಮಳೆಗಾಲ ಕಳೆಯಿತು, ಎಮ್ಮೆ ಮೂಸಿ ಹಿಂದೆ ಸರಿಯಿತು. ಎರಡನೆಯ ಮಳೆಗಾಲ ಕಳೆಯಿತು, ಮೂಸಿ ಹಿಂದೆ ಸರಿಯಿತು. ಕೆಡಿಸಲು ಮೂರು ತಿಂಗಳು ಸಾಕಾಗಿತ್ತು. ಮೂರನೆಯ ಮಳೆಗಾಲದಲ್ಲಿ ಕೆಂಚವ್ವನ ಎಮ್ಮೆ ಬಾಯಿ ಇಟ್ಟು ಕುಡಿಯಿತು. ಅವತ್ತು ತಂಪಿನಹಳ್ಳಿಯಲ್ಲಿ ಒಲೆ ಹೊತ್ತಿದ ಮನೆಗಳಲ್ಲೆಲ್ಲ ಹೋಳಿಗೆ.

ಇನ್ನೊಂದು ಮಾತು ಉಳಿಯಿತು. ಮೊದಲ ದಿನ ಸಾಹುಕಾರ ಆ ಬಾವಿಗೆ ಇಳಿಯುವಾಗ ಮೇಲೆ ನೋಡಿದ. ಹಗ್ಗ ಹಿಡಿದು ನಿಂತಿದ್ದವಳು ಹಂಪವ್ವ! ಅವನು ಎರಡೂ ಕೈಯಲ್ಲಿ ಹಗ್ಗ ಅವುಚಿಕೊಂಡ.

"ಯವ್ವಾ, ನಿನ್ನ ದಮ್ಮಯ್ಯ, ಹಗ್ಗ ಬಿಡಬೇಡ!"

"ಇಳಿಯಪ್ಪಾ, ಅಂಜಬ್ಯಾಡ" ಅಂದಳು ಹಂಪವ್ವ. "ಇನ್ನೊಬ್ಬರ ಬಾವಿ ಹೂಳೆತ್ತಾಕ ಇಳಿದವರ ಹಗ್ಗ ನಮ್ಮೂರಿನೋರು ಬಿಡೂದಿಲ್ಲ."

ಮಕ್ಕಳೇ, ನೀತಿ ಇಷ್ಟೇ. ನೆಲದ ಮೇಲೆ ಓಣಿ ಬೇರೆಬೇರೆ, ನೆಲದ ಕೆಳಗೆ ನೀರು ಒಂದೇ. ಪಕ್ಕದವನು ನೋಡಿಕೊಳ್ಳುತ್ತಾನೆ ಅಂತ ಮಲಗಿದ ಊರು ಕೆಡುತ್ತದೆ, ಪಕ್ಕದವನಿಗಾಗಿ ಎದ್ದು ನಿಂತ ಊರು ಉಳಿಯುತ್ತದೆ. ಏಳಿ, ಗಂಟಲು ಒಣಗಿತು, ಒಂದು ಚೆಂಬು ನೀರು ಕೊಡಿ. ನಮ್ಮ ಬಾವಿಯದೇ ಕೊಡಿ, ಇನ್ನೂ ತಿಳಿಯಾಗಿದೆ.