ಇನ್ನೊಂದು ತುದಿ

"ಗುರುಗಳೇ, ಲೋಕದವನಾಗಬೇಕಾದರೆ ಊರನ್ನು ಎಷ್ಟು ಬಿಡಬೇಕು?"

ಹೀಗೆ ಕೇಳಿದವನು ಕಲ್ಲಿನಾಥ, ಮಠದಲ್ಲಿ ಹತ್ತು ವರ್ಷ ಓದಿದ ಶಿಷ್ಯ. ಮರುದಿನ ಬೆಳಿಗ್ಗೆ ಅವನು ದೂರದೇಶದ ವಿದ್ಯಾಪೀಠಕ್ಕೆ ಹೊರಡುವವನಿದ್ದ. ಅಲ್ಲಿ ನಗೆಗೀಡಾಗಬಾರದೆಂದು ಊರ ಮಾತನ್ನು ಆಗಲೇ ಬಿಟ್ಟಿದ್ದ. ಅಜ್ಜಿ ಹೇಳಿಕೊಟ್ಟ ಹಾಡುಗಳನ್ನು ಬರೆದಿಟ್ಟ ಹಳೆಯ ಪುಸ್ತಕವೊಂದಿತ್ತು. ಅದನ್ನೂ ಆ ಮಧ್ಯಾಹ್ನ, ಸಂಜೆಯ ಒಲೆ ಹೊತ್ತಿಸಲು ಅಡುಗೆಯವನಿಗೆ ಕೊಟ್ಟು ಬಂದಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಂದು ಊರಿನಲ್ಲಿ ಇಪ್ಪತ್ತು ಮಗ್ಗಗಳಿದ್ದವು. ಕೊಳ್ಳುವವರಿಲ್ಲದೆ ಇಪ್ಪತ್ತೂ ನಿಂತಿದ್ದವು. ಆಗ ಕಡಲಾಚೆಯಿಂದ ಒಬ್ಬ ವ್ಯಾಪಾರಿ ಬಂದ. ಕೈ ಪಳಗಿದ ಒಬ್ಬ ನೇಕಾರನಿಗೆ ತನ್ನ ದೇಶದ ರೇಷ್ಮೆ ನೂಲನ್ನು ಕೊಟ್ಟು, "ನಿಮ್ಮೂರಿನ ದಡಿ ಹಾಕಿ ಒಂದು ಸೀರೆ ನೇಯ್ದಿಡು. ತಿಂಗಳಿಗೆ ಬರುತ್ತೇನೆ. ಹಿಡಿಸಿದರೆ ಇಪ್ಪತ್ತು ಮಗ್ಗಕ್ಕೂ ಕೆಲಸ, ಇಲ್ಲದಿದ್ದರೆ ನಾನು ಮುಂದಿನ ಊರು ನೋಡಿಕೊಳ್ಳುತ್ತೇನೆ" ಎಂದು ಹೇಳಿ ಹೋದ.

ಅಲ್ಲಿಯ ನೇಕಾರರದೊಂದು ಪದ್ಧತಿ. ಸೀರೆ ಮುಗಿದಾಗ ಹಾಸಿನ ಉದ್ದ ಎಳೆಗಳನ್ನು ಪೂರ್ತಿ ತೆಗೆಯುವುದಿಲ್ಲ. ನೇಯ್ದ ಅಂಚಿನ ಸಮೇತ ಮೊಳದಷ್ಟನ್ನು ಮಗ್ಗದಲ್ಲೇ ಉಳಿಸಿ, ಹೊಸ ನೂಲಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಹೊಸೆದು ಸೇರಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಮಗ್ಗದ ಸಾವಿರಾರು ಕಣ್ಣುಗಳಲ್ಲಿ ಹೊಸ ಎಳೆ ಹಳೆಯದರ ಬೆನ್ನು ಹಿಡಿದೇ ಹಾಯುತ್ತದೆ. ಅಜ್ಜನ ಕಾಲದಿಂದ ಹೀಗೆ ಕೆಚ್ಚುತ್ತಲೇ ಬಂದದ್ದರಿಂದ, ಯಾವ ಎಳೆ ಯಾವ ಕಣ್ಣಿಗೆ ಎಂಬುದನ್ನು ಯಾರೂ ಕಲಿಯಬೇಕಾಗಿಯೇ ಬಂದಿರಲಿಲ್ಲ.

ರೇಷ್ಮೆಯ ಹೊಳಪು ನೇಕಾರನ ಕಣ್ಣು ಕುಕ್ಕಿತು. ಇಂಥ ನೂಲನ್ನು ಊರ ಒರಟು ಹತ್ತಿಗೆ ಕೆಚ್ಚುವುದೇ? ಹಳೆಯ ಮೊಳವನ್ನು ಎಳೆದು ಬಿಸಾಡಿ, ಮಗ್ಗವನ್ನು ತೊಳೆದು ಪೂಜೆ ಮಾಡಿದ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಹತ್ತು ದಿನ ರೇಷ್ಮೆಯನ್ನು ಪೋಣಿಸಿದ, ತೆಗೆದ, ಮತ್ತೆ ಪೋಣಿಸಿದ. ಪ್ರತಿ ಸಲವೂ ದಡಿ ಕೆಟ್ಟಿತು. ಬೀದಿಯವರು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಅವರ ಮನೆಯ ಅನ್ನವೂ ಆ ಮಗ್ಗವನ್ನೇ ನಂಬಿತ್ತು.

ಆ ಬೀದಿಯಲ್ಲಿ ಒಬ್ಬ ಮುದುಕಿ ಇದ್ದಳು. ಮನೆಮನೆಗೆ ಹೋಗಿ ಕೆಚ್ಚಿಕೊಡುವುದೇ ಅವಳ ಬದುಕು. ಕೊನೆಗೆ ನೇಕಾರ ಅವಳ ಬಳಿಗೆ ಓಡಿದ.

"ಆಯಿ, ಹೆಂಗಾರ ಮಾಡಿ ಈ ನೂಲು ಕೆಚ್ಚಿಕೊಡು."

"ಯಾತಕ್ಕ ಕೆಚ್ಚಲೋ ತಮ್ಮಾ? ಒಂದು ತುದಿ ಹಿಡಕೊಂಡು ಬಂದಿ, ಇನ್ನೊಂದು ತುದಿ ಎಲ್ಲೈತಿ?"

ಹಳೆಯ ಮೊಳವನ್ನು ಬಿಸಾಡಿದ್ದನ್ನು ನೇಕಾರ ಒಪ್ಪಿಕೊಂಡ. ಮುದುಕಿ ಬೈಯಲಿಲ್ಲ. ಅವನ ಮನೆಗೆ ಬಂದು ಮೂಲೆ ಮೂಲೆ ಹುಡುಕಿದಳು. ಬಿಸಾಡಿದ ಮೊಳ ಒಲೆಯ ಪಕ್ಕದಲ್ಲಿ ಸಿಕ್ಕಿತು. ನೇಕಾರನ ಹೆಂಡತಿ ಅದನ್ನು ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಮಾಡಿಕೊಂಡಿದ್ದಳು. ಮುದುಕಿ ಅದನ್ನು ಅಂಟುವಾಳದ ನೊರೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದಳು. ನೇಯ್ದ ಅಂಚಿನಲ್ಲಿ ಎಳೆಗಳ ಸಾಲು ಇನ್ನೂ ಕೆಟ್ಟಿರಲಿಲ್ಲ.

ಕರಟದಲ್ಲಿ ಬೂದಿ ಇಟ್ಟುಕೊಂಡು ಅವಳು ಮಗ್ಗದ ಮುಂದೆ ಕೂತಳು. ಅಂಚಿನಿಂದ ಒಂದೊಂದೇ ಎಳೆ ಬಿಡಿಸಿ, ನೇಯ್ಗೆಯ ಗುರುತು ಹಿಡಿದು ಅದರ ಕಣ್ಣು ಯಾವುದೆಂದು ಹೇಳುವಳು. ನೇಕಾರ ಅದನ್ನು ಹಾಯಿಸುವನು. ಅವಳು ನೂಲು ಜಾರದಂತೆ ಬೂದಿ ಮುಟ್ಟಿದ ಬೆರಳಿನಿಂದ ರೇಷ್ಮೆಯನ್ನು ಅದಕ್ಕೆ ಹೊಸೆಯುವಳು. ಒಂಬತ್ತು ದಿನ, ಮೂರು ಸಾವಿರ ಎಳೆ. ಒಂದೂ ತಪ್ಪಲಿಲ್ಲ. ಅಕ್ಷರ ಬಾರದವಳು, ಊರ ಗಡಿ ದಾಟದವಳು. ಕಡಲಾಚೆಯ ನೂಲನ್ನು ಮುಟ್ಟುವಾಗ ಅವಳ ಕೈ ಒಮ್ಮೆಯೂ ಅಳುಕಲಿಲ್ಲ. ಅವಳನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ, ಕಲ್ಲಿನಾಥ.

ತಿಂಗಳಿಗೆ ವ್ಯಾಪಾರಿ ಬಂದ. ಸೀರೆಯ ಒಂದು ತುದಿಯಲ್ಲಿ ಒರಟು ಹತ್ತಿಯ ಪಟ್ಟಿ ಕಂಡಿತು. ನೇಕಾರ ನಾಚಿ ಕತ್ತರಿ ತೆಗೆದ. ವ್ಯಾಪಾರಿ ಅವನ ಕೈ ಹಿಡಿದು ನಿಲ್ಲಿಸಿದ. ಹತ್ತಿ ಮುಗಿದು ರೇಷ್ಮೆ ಮೊದಲಾಗುವ ಜಾಗದಲ್ಲಿ ಹೆಬ್ಬೆರಳಾಡಿಸಿದ. ಎಷ್ಟು ತಡವಿದರೂ ಗಂಟು ಸಿಗಲಿಲ್ಲ.

"ರೇಷ್ಮೆ ನನ್ನ ದೇಶದಲ್ಲೂ ಬೇಕಾದಷ್ಟಿದೆ. ನಾನು ಕಡಲು ದಾಟಿ ಬಂದದ್ದು ಇದಕ್ಕೆ" ಎಂದು ಹೇಳಿ ಅವನು, ಕೆಚ್ಚಿದವರು ಯಾರೆಂದು ಕೇಳಿ ತಿಳಿದು, ಅಲ್ಲೇ ನಿಂತಿದ್ದ ಮುದುಕಿಗೆ ತಲೆಬಾಗಿದ.

"ನಿನ್ನ ನೂಲೂ ಚಲೋ ಐತಿ ಬಿಡಪ್ಪಾ. ನಮ್ಮ ಹತ್ತಿ ಕೂಡ ಲಗೂನ ಹೊಂದಿಕೊಂತು" ಎಂದಳು ಮುದುಕಿ.

ಆ ವಾರವೇ ಇಪ್ಪತ್ತೂ ಮಗ್ಗಗಳ ಸದ್ದು ಬೀದಿ ತುಂಬಿತು.

ಕತೆ ಮುಗಿಯಿತು. ಕಲ್ಲಿನಾಥ, "ಹಾಗಾದರೆ ಊರೇ ದೊಡ್ಡದು. ನಾನು ಹೊರಡುವುದೇ ಬೇಡವೇ?" ಎಂದು ಕೇಳಿದ.

ಗುರುಗಳು ನಕ್ಕರು. "ಹುಚ್ಚಪ್ಪಾ, ಬರಿಯ ಮೊಳದ ಚಿಂದಿಯನ್ನು ಯಾರಾದರೂ ಉಟ್ಟಾರೆಯೇ? ಬೆಳಿಗ್ಗೆ ಬೇಗ ಹೊರಡು."

ಶಿಷ್ಯ ನಮಸ್ಕರಿಸಿ ಎದ್ದ. ಅವನು ಬಾಗಿಲು ದಾಟುವ ಮೊದಲು ಗುರುಗಳು ಮೆಲ್ಲಗೆ ಹೇಳಿದರು:

"ಅಡುಗೆಯವನು ಇನ್ನೂ ಒಲೆ ಹೊತ್ತಿಸಿಲ್ಲ, ಕಲ್ಲಿನಾಥ."