ತಬಿತಮ್ಮ ಹಿಂದಿನ ದಿನವೇ ಬೇಯಿಸಿದ ಆಲೂಗಡ್ಡೆ

ಒಬ್ಬ ಹೆಂಗಸು ಹದಿನೆಂಟು ವರ್ಷ ಕ್ರಿಸ್‌ಮಸ್ ಊಟ ಬೇಯಿಸಿದಳು. ಹದಿನೆಂಟು ವರ್ಷ ಒಂದು ಸಭೆ ಆ ಊಟವನ್ನು ಉಂಡಿತು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ಆ ಮೇಜಿನಲ್ಲಿ ಕೂರಲಿಲ್ಲ. ಇದು ತಪ್ಪು. ಇದಕ್ಕೆ ಮರೆವು ಎಂದು ಹೆಸರಿಡಬೇಡಿ.

ಗುರು ಇಷ್ಟು ಹೇಳಿ ನಿಲ್ಲಿಸಿದಾಗ ಶಿಷ್ಯ ಕೇಳಿದ: "ಅವಳು ಕೂರಬಾರದು ಎಂದು ಯಾರಾದರೂ ಹೇಳಿದ್ದರೇ, ಗುರುಗಳೇ? ಯಾರೂ ಹೇಳಿರದಿದ್ದರೆ ಅದು ಯಾರ ತಪ್ಪು?"

ಇಬ್ಬರೂ ಆಗಷ್ಟೇ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ಒಳಗಿನಿಂದ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು.

"ಯಾರೂ ಹೇಳಿರಲಿಲ್ಲ. ಕೇಳು," ಎಂದು ಗುರು ಕತೆ ಶುರು ಮಾಡಿದ.

ಒಂದು ಊರಿನಲ್ಲಿ ಕ್ರೈಸ್ತರ ಒಂದು ಸಭೆ ಇತ್ತು. ಅದನ್ನು ಸೇರಿದ ಮೊದಲ ತಲೆಮಾರಿನವರು ಬೇರೆ ಬೇರೆ ಜಾತಿಗಳಿಂದ ಬಂದವರು. ಎಲ್ಲರೂ ಒಂದೇ ದೇವರನ್ನು ಒಪ್ಪಿಕೊಂಡರು. ಒಂದೇ ಮೇಜನ್ನು ಒಪ್ಪಿಕೊಳ್ಳಲಿಲ್ಲ. ಹಬ್ಬದ ಊಟಕ್ಕೆ ಕರೆದರೆ ಕೆಲವರು ಬೇಕೆಂದೇ ತಡವಾಗಿ ಬರುತ್ತಿದ್ದರು. ಯಾರ ಪಕ್ಕ ಯಾರಿದ್ದಾರೆ ಎಂದು ನೋಡಿ ಜಾಗ ಹುಡುಕುತ್ತಿದ್ದರು. ಕೆಲವರು ಹೊಟ್ಟೆನೋವು ಎಂದು ಅರ್ಧಕ್ಕೇ ಎದ್ದು ಹೋಗುತ್ತಿದ್ದರು.

ಆಗಿನ ಪಾದ್ರಿ ಇದನ್ನು ನೋಡಿ ಒಂದು ನಿಯಮ ಮಾಡಿದ. ಕ್ರಿಸ್‌ಮಸ್ ದಿನ ಎಲ್ಲರಿಗೂ ಒಂದೇ ಉದ್ದನೆಯ ಮೇಜು. ಬಡಿಸುವವರು ಬೇರೆ, ಉಣ್ಣುವವರು ಬೇರೆ ಎಂಬುದಿಲ್ಲ. ಎಲ್ಲವನ್ನೂ ಮೇಜಿನ ಮೇಲಿಟ್ಟು ಕೈಯಿಂದ ಕೈಗೆ ದಾಟಿಸಬೇಕು. ಊಟದ ಪ್ರಾರ್ಥನೆ ಶುರುವಾದ ಮೇಲೆ ಯಾರೂ ಬಂದು ಕೂರುವಂತಿಲ್ಲ. ಕೂತವರು ಊಟ ಮುಗಿಯುವ ತನಕ ಏಳುವಂತಿಲ್ಲ.

ಅದು ಒಳ್ಳೆಯ ನಿಯಮ. ಯಾರನ್ನೂ ಹೊರಗಿಡಬಾರದು ಎಂದೇ ಮಾಡಿದ ನಿಯಮ. ಮೊದಲ ವರ್ಷ ಆ ಮೇಜಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಹುಟ್ಟಿದ ಊರಿನಲ್ಲಿ ಅವಳಿಗೆ ಅನ್ನವನ್ನು ದೂರದಿಂದ ಎಸೆಯುತ್ತಿದ್ದರು. ಇಲ್ಲಿ ಪಕ್ಕದವನು ಅನ್ನದ ಬಟ್ಟಲನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಮುಂದಿನವನಿಗೆ ದಾಟಿಸುವುದನ್ನು ಮರೆತು ಎದೆಗೆ ಹಿಡಿದುಕೊಂಡು ಕೂತಳಂತೆ. ಆ ಮುದುಕಿಯ ಮೊಮ್ಮಗಳೇ ಈ ಅಡುಗೆಯವಳು. ಅವಳ ಹೆಸರು ತಬಿತಮ್ಮ. ಈ ಕತೆಯಲ್ಲಿ ಉಳಿದವರ ಹೆಸರು ನಿನಗೆ ಬೇಡ, ಅವಳದೊಂದು ನೆನಪಿಟ್ಟುಕೋ.

ಆ ಸಭೆಯಲ್ಲಿ ಕ್ರಿಸ್‌ಮಸ್ ಎಂದರೆ ರೋಸ್ಟ್. ಆಲೂಗಡ್ಡೆ, ಗಜ್ಜರಿ, ಬೀಟ್‌ರೂಟ್, ಈರುಳ್ಳಿ, ಸಿಹಿಗುಂಬಳ, ಸಿಪ್ಪೆ ಸಮೇತ ಬೆಳ್ಳುಳ್ಳಿ. ಎಲ್ಲವನ್ನೂ ಇಟ್ಟಿಗೆಯ ಭಟ್ಟಿಯಲ್ಲಿಟ್ಟು ಮೇಲೆ ಕೆಂಪಾಗುವಂತೆ, ಒಳಗೆ ಬೆಣ್ಣೆಯಾಗುವಂತೆ ಹುರಿಯಬೇಕು. ಬಿಸಿ ಇರುವಾಗಲೇ ತಿನ್ನಬೇಕು. ಭಟ್ಟಿ ಇದ್ದದ್ದು ಒಂದೇ. ಆರಾಧನೆ ಮುಗಿಯುವ ತನಕ ಅದರಲ್ಲಿ ಮಾಂಸ ಬೇಯುತ್ತಿತ್ತು. ಮಾಂಸ ಹೊರಗೆ ಬಂದ ಮೇಲೆ ತರಕಾರಿ ಒಳಗೆ ಹೋಗಬೇಕು. ತರಕಾರಿಗೆ ಒಂದು ಗಂಟೆ ಬೇಕು, ನಡುವೆ ಎರಡು ಸಲ ತಿರುವಿ ಹಾಕಬೇಕು. ಅಷ್ಟರಲ್ಲಿ ಜನ ಕೂರುತ್ತಿದ್ದರು, ಪ್ರಾರ್ಥನೆ ಆಗಿಹೋಗುತ್ತಿತ್ತು. ತಬಿತಮ್ಮ ಟ್ರೇ ಹಿಡಿದು ಬರುವಾಗ ಅವಳಿಗೆ ಕೂರುವ ಹೊತ್ತು ಮೀರಿರುತ್ತಿತ್ತು.

ಹೆಚ್ಚುವುದಕ್ಕೆ, ತೊಳೆಯುವುದಕ್ಕೆ ಬೆಳಿಗ್ಗೆ ಹತ್ತು ಜನ ಬರುತ್ತಿದ್ದರು. ಆರಾಧನೆಯ ಗಂಟೆ ಹೊಡೆದರೆ ಹತ್ತೂ ಜನ ಸೀರೆ ಬದಲಿಸಲು ಹೋಗುತ್ತಿದ್ದರು. ಭಟ್ಟಿಯ ಮುಂದೆ ಇವಳೊಬ್ಬಳೇ. ಊಟದ ಕೊನೆಗೆ ಸಭೆಯ ಹಿರಿಯ ಅವಳ ಹೆಸರು ಹೇಳಿ ವಂದಿಸುತ್ತಿದ್ದ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆಯನ್ನು ಅವಳು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, ಮರಳಿ ಬಂದ ಬಟ್ಟಲಿನಲ್ಲಿ ಉಳಿದದ್ದನ್ನು ತಿನ್ನುತ್ತ ಕೇಳುತ್ತಿದ್ದಳು.

ಒಂದು ವರ್ಷ ಅವಳು ಹಿರಿಯನನ್ನು ಕೇಳಿದಳು. ಪ್ರಾರ್ಥನೆಯನ್ನು ಮುಕ್ಕಾಲು ಗಂಟೆ ತಡ ಮಾಡಬಹುದೇ ಎಂದಳು. ಮಕ್ಕಳು, ಮುದುಕರು ಹಸಿದಿರುತ್ತಾರಲ್ಲ ಎಂದ ಹಿರಿಯ. ಹಾಗಾದರೆ ಒಂದು ವರ್ಷ ಬೇರೆ ಯಾರಾದರೂ ಭಟ್ಟಿ ನೋಡಿಕೊಳ್ಳಲಿ ಎಂದಳು. ಅವನು ನಕ್ಕು, ನಿನ್ನ ಕೈ ರುಚಿ ಬೇರೆ ಯಾರಿಗೆ ಬರುತ್ತದಮ್ಮ ಎಂದ. ಆ ಹೊಗಳಿಕೆಯಿಂದಲೇ ಅವನು ಬಾಗಿಲು ಹಾಕಿದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವಳ ಕೆಲಸ ಸುಲಭವಾಗುತ್ತಿತ್ತು.

ತಬಿತಮ್ಮ ಜಗಳಕ್ಕೆ ನಿಲ್ಲಲಿಲ್ಲ, ಅತ್ತು ಮನೆಗೆ ಹೋಗಲಿಲ್ಲ. ಆರಾಧನೆ ಮುಗಿದ ಗಂಟೆ ಹೊಡೆದ ಮೇಲೆ ಜನ ಬಂದು ಕೂರುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿದಳು. ಹದಿನೈದು ನಿಮಿಷ. ಹಿರಿಯನ ಪ್ರಾರ್ಥನೆ ಐದು ನಿಮಿಷ. ಒಟ್ಟು ಇಪ್ಪತ್ತು. ಒಂದು ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯಬೇಕು. ಉಳಿದ ನಲವತ್ತು ನಿಮಿಷ ಹಿಂದಿನ ದಿನಕ್ಕೆ ಹೋಗಬೇಕು.

ಹದಿನೇಳನೆಯ ವರ್ಷ ಹಿಂದಿನ ದಿನವೇ ಎಲ್ಲವನ್ನೂ ಪೂರ್ತಿ ಹುರಿದಿಟ್ಟು, ಹಬ್ಬದ ದಿನ ಬಿಸಿ ಮಾಡಿದಳು. ಆಲೂಗಡ್ಡೆ ಒಣಗಿ ತೊಗಲಾಯಿತು. ಸಭೆಯಲ್ಲಿದ್ದ ಒಬ್ಬ ವ್ಯಾಪಾರಿ ಒಂದು ತುಂಡನ್ನು ಎತ್ತಿ ಹಿಡಿದು, ಇದನ್ನು ನನ್ನ ಚಪ್ಪಲಿಗೆ ಅಟ್ಟೆ ಹಾಕಿಸಬಹುದು ಎಂದು ಎಲ್ಲರನ್ನೂ ನಗಿಸಿದ. ಹದಿನೆಂಟನೆಯ ವರ್ಷ ಅರ್ಧ ಮಾತ್ರ ಹುರಿದಳು. ಆದರೆ ಬಿಸಿ ಇರುವಾಗಲೇ ಡಬರಿಗೆ ತುಂಬಿ ಮುಚ್ಚಳ ಹಾಕಿದಳು. ಹಬೆ ಒಳಗೇ ನೀರಾಯಿತು. ಬೆಳಿಗ್ಗೆ ತೆರೆದರೆ ಎಲ್ಲವೂ ಮೆತ್ತಗಾಗಿ, ಬೀಟ್‌ರೂಟಿನ ಬಣ್ಣ ಕುಡಿದು ಕೆಂಪು ಮುದ್ದೆಯಾಗಿತ್ತು. ಎರಡು ವರ್ಷವೂ ಕೆಟ್ಟದ್ದನ್ನು ಸರಿಮಾಡಲು ನೋಡುತ್ತ ಅವಳು ಭಟ್ಟಿಯ ಮುಂದೆಯೇ ಉಳಿದಳು. ಹದಿನೆಂಟನೆಯ ವರ್ಷ ಚಪ್ಪಾಳೆಯೂ ಇರಲಿಲ್ಲ. ತಬಿತಮ್ಮನಿಗೆ ವಯಸ್ಸಾಯಿತು, ಮುಂದಿನ ವರ್ಷ ಬೇಕರಿಯವನಿಗೆ ಹೇಳೋಣ ಎಂದು ಕೆಲವರು ಅಂದರು. ಹಿರಿಯ ಇನ್ನೊಂದು ವರ್ಷ ನೋಡೋಣ ಎಂದ. ಆ ವರ್ಷವೂ ಕೆಟ್ಟರೆ ಮೇಜಂತೂ ಇಲ್ಲ, ಭಟ್ಟಿಯೂ ಇಲ್ಲ.

ಮುಂದಿನ ಹನ್ನೊಂದು ತಿಂಗಳು ಅವಳು ಏನು ಮಾಡಿದಳು ಎಂಬುದನ್ನು ಗಮನವಿಟ್ಟು ಕೇಳು. ನಾನು ಶಾಲೆಗೆ ಹೋದವನಲ್ಲ, ದೊಡ್ಡ ಓದಿನವರನ್ನು ಸುಮ್ಮನೆ ಹೊಗಳುವವನೂ ಅಲ್ಲ. ಇವಳನ್ನು ಹೊಗಳುತ್ತೇನೆ. ಇದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ತನ್ನ ಮನೆಯ ಒಲೆಯ ಮೇಲೆ ಮುಚ್ಚಳದ ಬಾಣಲೆ ಇಟ್ಟು, ಮೇಲೆ ಕೆಂಡ ಹರಡಿ, ವಾರಕ್ಕೆ ನಾಲ್ಕು ಆಲೂಗಡ್ಡೆಯಂತೆ ಕೆಡಿಸಿ ಕೆಡಿಸಿ ಕಲಿತಳು. ಕೆಟ್ಟದ್ದನ್ನು ಮನೆಯವರೇ ತಿಂದರು.

ಆಲೂಗಡ್ಡೆಯನ್ನು ಅಂಚು ಸಡಿಲವಾಗುವಷ್ಟು ಮಾತ್ರ ನೀರಿನಲ್ಲಿ ಬೇಯಿಸಬೇಕು. ನೀರು ಬಸಿದು, ಹಬೆ ಪೂರ್ತಿ ಹೋಗುವ ತನಕ ಕಾಯಬೇಕು. ಆಮೇಲೆ ಪಾತ್ರೆಯನ್ನು ಕುಲುಕಿ ಅದರ ಮೈ ತರಿತರಿಯಾಗಿಸಬೇಕು. ಆ ತರಿಯೇ ಮರುದಿನ ಗರಿಗರಿಯಾಗುತ್ತದೆ. ಕಾದ ಎಣ್ಣೆಯಲ್ಲಿ ಉರುಳಿಸಿ ಭಟ್ಟಿಗೆ ಹಾಕಿ, ಮೇಲ್ಪದರ ಬಿಗಿದ ಕೂಡಲೇ, ಬಣ್ಣ ಬರುವ ಮೊದಲೇ ತೆಗೆಯಬೇಕು. ತೆಗೆದದ್ದನ್ನು ಗುಡ್ಡೆ ಹಾಕಬಾರದು. ಒಂದಕ್ಕೊಂದು ತಾಗದಂತೆ ಹರಡಿ, ತೆಳು ಬಟ್ಟೆ ಹೊದಿಸಿ, ತಣ್ಣಗಿನ ಕೋಣೆಯಲ್ಲಿ ಬಿಡಬೇಕು. ಗಜ್ಜರಿಗೆ ಉಪ್ಪು ಹಬ್ಬದ ದಿನವೇ. ಮೊದಲೇ ಹಾಕಿದರೆ ನೀರು ಬಿಡುತ್ತದೆ. ಬೀಟ್‌ರೂಟಿಗೆ ಬೇರೆ ಟ್ರೇ. ಸಿಹಿಗುಂಬಳವನ್ನು ಹಿಂದಿನ ದಿನ ಹೆಚ್ಚಿ ಇಡುವುದಷ್ಟೇ, ಬೆಂಕಿ ತೋರಿಸಬಾರದು. ಹಬ್ಬದ ದಿನ ಮೊದಲು ಖಾಲಿ ಟ್ರೇಗಳನ್ನೇ ಭಟ್ಟಿಯಲ್ಲಿ ಮಾಂಸದ ಪಕ್ಕದಲ್ಲಿಟ್ಟು ಕಾಯಿಸಬೇಕು. ತರಕಾರಿ ಅದರ ಮೇಲೆ ಬೀಳುವಾಗ ಚುರ್ರೆನ್ನಬೇಕು. ಹಾಗೆ ಬಿದ್ದದ್ದನ್ನು ತಿರುವಿ ಹಾಕುವ ಕೆಲಸವೇ ಇಲ್ಲ.

ಹತ್ತೊಂಬತ್ತನೆಯ ವರ್ಷ ಹಬ್ಬದ ಹಿಂದಿನ ಮಧ್ಯಾಹ್ನ ಅವಳು ಇದೆಲ್ಲವನ್ನೂ ಮಾಡಿ ಮುಗಿಸಿದಳು. ಮರುದಿನ ಆರಾಧನೆ ಮುಗಿದ ಗಂಟೆ ಹೊಡೆದಾಗ ಮಾಂಸ ತೆಗೆದಳು. ಕಾದ ಟ್ರೇಗಳಿಗೆ ತರಕಾರಿ ಸುರಿದಳು, ಚುರ್ರೆಂದಿತು. ಭಟ್ಟಿಯ ಬಾಗಿಲು ಮುಚ್ಚಿದಳು. ಕೈಕಾಲು ತೊಳೆದು ಅಜ್ಜಿಯ ಕಾಲದ ಸೀರೆ ಉಟ್ಟಳು. ಮೇಜಿನ ಸುತ್ತ ಎಪ್ಪತ್ತು ಕುರ್ಚಿ ಇದ್ದವು, ಎಪ್ಪತ್ತೂ ತುಂಬಿದ್ದವು. ಲೆಕ್ಕ ಹಾಕಿದವರು ಅವಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇದು ಅವಳಿಗೆ ಮೊದಲೇ ಗೊತ್ತಿತ್ತು. ಅಡುಗೆಮನೆಯ ಸ್ಟೂಲನ್ನು ತಾನೇ ಎತ್ತಿಕೊಂಡು ಬಂದು ಹಿರಿಯನಿಗೂ ವ್ಯಾಪಾರಿಗೂ ನಡುವೆ ಇಟ್ಟು ಕೂತಳು. ಅವರು ಸರಿದು ಜಾಗ ಕೊಟ್ಟರು. ಕೊಡದೆ ಏನು ಮಾಡುತ್ತಾರೆ? ಪ್ರಾರ್ಥನೆ ಇನ್ನೂ ಶುರುವಾಗಿರಲಿಲ್ಲ.

ಪ್ರಾರ್ಥನೆ ಮುಗಿಯಿತು. ಎಲ್ಲರೂ ಕಣ್ಣು ತೆರೆದು ಅಭ್ಯಾಸದಂತೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಆಮೇಲೆ ತಬಿತಮ್ಮನನ್ನು ನೋಡಿದರು.

"ತಬಿತಮ್ಮ, ರೋಸ್ಟ್?" ಎಂದು ಹಿರಿಯ ಮೆಲ್ಲಗೆ ಕೇಳಿದ.

"ಆಗಿದೆ ಅಯ್ಯ. ಭಟ್ಟಿಯಲ್ಲಿದೆ."

"ತರಬೇಕಲ್ಲಮ್ಮ."

"ಪ್ರಾರ್ಥನೆ ಆಯಿತಲ್ಲ ಅಯ್ಯ. ಕೂತವರು ಏಳುವಂತಿಲ್ಲ."

ವ್ಯಾಪಾರಿಗೆ ನಗು ಬಂತು. "ಹಾಗಾದರೆ ಆಲೂಗಡ್ಡೆ ತಾನೇ ನಡೆದುಕೊಂಡು ಬರಬೇಕು," ಎಂದ.

ತಬಿತಮ್ಮನೂ ನಕ್ಕಳು. "ಹದಿನೆಂಟು ವರ್ಷ ಹಾಗೆಯೇ ಬಂತು ಸಾಹುಕಾರರೇ. ಈಗ ಐದು ನಿಮಿಷ ಇದೆ. ಆಮೇಲೆ ತಂದರೂ ಇದ್ದಿಲು."

ಅವಳು ಅನ್ನದ ಬಟ್ಟಲನ್ನು ಎತ್ತಿ ಹಿರಿಯನ ಕೈಗೆ ಕೊಟ್ಟಳು. ಗೋಡೆಯಾಚೆಯಿಂದ ಬೆಳ್ಳುಳ್ಳಿ ಕೆಂಪಾದ ವಾಸನೆ ಬಂತು. ಅದು ಹದವಾದ ವಾಸನೆ. ಹನ್ನೊಂದು ತಿಂಗಳ ಕೆಲಸ ಗೆದ್ದಿತ್ತು. ಆ ಮೇಜಿನಲ್ಲಿ ಯಾರೂ ಅಷ್ಟು ಒಳ್ಳೆಯ ರೋಸ್ಟ್ ತಿಂದಿರಲಿಲ್ಲ. ಇನ್ನೂ ತಿಂದಿಲ್ಲ, ಅದು ಭಟ್ಟಿಯಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಆ ವಾಸನೆಯ ಹಿಂದಿನಿಂದ ಇನ್ನೊಂದು ಬಂತು, ಸೀಯುವ ವಾಸನೆ. ಎಲ್ಲರ ಮೂಗಿಗೂ ಅದು ತಟ್ಟಿತು. ತಬಿತಮ್ಮ ಸ್ಟೂಲಿನ ಅಂಚನ್ನು ಎರಡು ಕೈಯಿಂದಲೂ ಹಿಡಿದುಕೊಂಡಳು. ಕಾಲು ಅಭ್ಯಾಸಬಲದಿಂದ ಏಳಲು ನೋಡುತ್ತಿತ್ತು. ಅವಳು ಏಳಲಿಲ್ಲ. ಅಲ್ಲಿ ಎಪ್ಪತ್ತು ಜನ ಇದ್ದರು. ಎಪ್ಪತ್ತು ಜನರಿಗೂ ಕಾಲಿದ್ದವು.

ಗುರು ಕತೆ ನಿಲ್ಲಿಸಿದ. ಎದ್ದು, ಪಂಚೆ ಎತ್ತಿ ಕಟ್ಟಿ, ಪಾತ್ರೆಯ ಸದ್ದು ಬರುತ್ತಿದ್ದ ಕಡೆಗೆ ಹೊರಟ.

"ಆಮೇಲೆ ಏನಾಯಿತು ಗುರುಗಳೇ?" ಎಂದು ಶಿಷ್ಯ ಕೂಗಿ ಕೇಳಿದ. "ಯಾರು ಎದ್ದರು?"

ಗುರು ಬಾಗಿಲಲ್ಲಿ ತಿರುಗಿ ಹೇಳಿದ: "ಯಾರು ಎದ್ದರು ಎಂದು ಕೂತುಕೊಂಡೇ ಕೇಳುತ್ತೀಯಲ್ಲ."



ಓದಿದವರೇ, ನೀವೂ ಇದನ್ನು ಕೂತೇ ಓದಿದ್ದೀರಿ. ನಿಮಗಾಗಿ ಯಾರೋ ಒಲೆಯ ಮುಂದೆ ನಿಂತಿದ್ದಾರೆ. ಎದ್ದು ಹೋಗಿ, ಅವರ ಕೈಯಿಂದ ಟ್ರೇ ತೆಗೆದುಕೊಳ್ಳಿ, ಅವರನ್ನು ನಿಮ್ಮ ಕುರ್ಚಿಯಲ್ಲಿ ಕೂರಿಸಿ.